ಗೆದ್ದ ಮಗುವನ್ನೂ ಒಮ್ಮೆ ನೋಡಿ: ಮಕ್ಕಳ ಟೆನಿಸ್ ಟೂರ್ನಿ ನಡೆಸುವವರಿಗೆ, ಬೇಲಿ ಪಕ್ಕ ನಿಲ್ಲುವ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಟೂರ್ನಿ ನಡೆಸುವ ಹಿರಿಯರಿಗೆ, ರೆಫರಿಗಳಿಗೆ, ಕೋಚ್‌ಗಳಿಗೆ, ಬಿಸಿಲಲ್ಲಿ ನನ್ನ ಜೊತೆ ಬೇಲಿ ಹಿಡಿದು ನಿಲ್ಲುವ ಎಲ್ಲ ಅಪ್ಪ-ಅಮ್ಮಂದಿರಿಗೆ ನಮಸ್ಕಾರ.

ಕಳೆದ ತಿಂಗಳು ಹುಡುಗಿಯರ ಒಂದು ಟೂರ್ನಿಯಲ್ಲಿ ನಾನು ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಹನ್ನೊಂದೋ ಹನ್ನೆರಡೋ ವಯಸ್ಸಿನ ಹುಡುಗಿ. ಪಂದ್ಯವನ್ನು 6-1, 6-0ಯಿಂದ ಗೆದ್ದಳು. ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಸಿಕ್ಕಿದ್ದು ಒಂದೇ ಒಂದು ಗೇಮ್. ಗೇಟು ತೆಗೆದು ಹೊರಗೆ ಬಂದಳು. ಅವಳ ಅಪ್ಪನ ಕೈಯಲ್ಲಿ ಉದ್ದನೆಯ ನೋಟ್‌ಬುಕ್ ಇತ್ತು. ಅದರಲ್ಲಿ ಒಂದು ಗೆರೆ ಎಳೆದು, ತಲೆ ಎತ್ತದೆ ಕೇಳಿದರು: "ಆ ಒಂದು ಗೇಮ್ ಯಾಕೆ ಬಿಟ್ಟೆ?" ಹುಡುಗಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮುಚ್ಚಳ ಕೈ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳೋಕೆ ಬಗ್ಗುವ ಮೊದಲು ಅವಳು ಒಂದು ಕೈಯನ್ನು ಕೆನ್ನೆಯ ಹತ್ತಿರ ತಂದುಕೊಂಡಳು. ಯಾರೂ ಕೈ ಎತ್ತಿರಲಿಲ್ಲ. ಆದರೂ ಆ ಕೈ ತಾನಾಗಿ ಮೇಲೆ ಹೋಯಿತು.

ನಾನು ಮೂರು ಅಡಿ ದೂರದಲ್ಲಿದ್ದೆ. ಏನೂ ಹೇಳಲಿಲ್ಲ. "ಚೆನ್ನಾಗಿ ಆಡಿದೆ ಪುಟ್ಟಿ" ಅಂತ ಒಂದು ಮಾತು ಕೂಡ ಬಾಯಿಂದ ಬರಲಿಲ್ಲ.

ಆಮೇಲೆ ಟೀ ಕುಡಿಯುವಾಗ ಇನ್ನೊಬ್ಬ ಹುಡುಗಿಯ ತಂದೆಗೆ ಇದನ್ನು ಹೇಳಿದೆ. ಅವರು ಒಳ್ಳೆಯ ಮನುಷ್ಯರು. ಮಗಳಿಗೆ ತಾವೇ ಶೂ ಲೇಸ್ ಕಟ್ಟುವವರು. "ದಂಡಂ ದಶಗುಣಂ ಮೇಡಂ. ದೊಡ್ಡ ದೊಡ್ಡ ಟೆನಿಸ್ ಚಾಂಪಿಯನ್‌ಗಳೆಲ್ಲ ಅಪ್ಪನ ಏಟು ತಿಂದೇ ಮೇಲೆ ಬಂದದ್ದು" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಎರಡು ರಾತ್ರಿ ಯೋಚಿಸಿದ ಮೇಲೆ ಒಂದು ಹೆಸರು ನೆನಪಾಯಿತು. ಆ ಹೆಸರೇ ನನ್ನ ಉತ್ತರ. ಅದಕ್ಕೇ ಈ ಪತ್ರ.

ಮಿರ್ಯಾನಾ ಲೂಚಿಚ್. ಕ್ರೊವೇಷಿಯಾದ ಆಟಗಾರ್ತಿ. ಮದುವೆಯ ನಂತರ ಲೂಚಿಚ್-ಬರೋನಿ.

ನಿಮ್ಮಲ್ಲಿ ಹಲವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ಮನೆಗಳಲ್ಲೂ ಈ ಹೆಸರು ಓಡಾಡಿತ್ತು. 1997ರಲ್ಲಿ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಭಾರತೀಯ ಅನಿಸಿಕೊಂಡರು. ಮರುವರ್ಷ, 1998ರ ವಿಂಬಲ್ಡನ್‌ನಲ್ಲಿ, ಅವರು ಮತ್ತೆ ಮಿಶ್ರ ಡಬಲ್ಸ್ ಫೈನಲ್‌ಗೆ ಬಂದರು. ಆಗ ಜೊತೆಗಿದ್ದ ಹುಡುಗಿ ಮಿರ್ಯಾನಾ. ಬಲೆಯ ಆಚೆ ಬದಿಯಲ್ಲಿ ಬೆಲಾರಸ್‌ನ ಮ್ಯಾಕ್ಸ್ ಮಿರ್ನಿ ಮತ್ತು ಇನ್ನೂ ಅಷ್ಟೇನೂ ಹೆಸರು ಮಾಡಿರದ ಸೆರೆನಾ ವಿಲಿಯಮ್ಸ್. ನಮ್ಮವರು 6-4, 6-4ರಿಂದ ಸೋತರು.

ಆಗ ನನಗೆ ಹದಿನಾರು. ಆಗಷ್ಟೇ ಪಿಯುಸಿ ಸೇರಿದ್ದೆ. ಭೂಪತಿ ಸೋತರಲ್ಲ ಅಂತ ಪೇಪರ್ ಓದಿ ಬೇಜಾರಾಗಿತ್ತು. ಜೊತೆಗೆ ಆಡಿದ ಹುಡುಗಿಗೂ ಹದಿನಾರೇ ಅಂತ ಗೊತ್ತಾದಾಗ ಹೊಟ್ಟೆಕಿಚ್ಚಾಯಿತು. ನನ್ನ ವಯಸ್ಸಿನವಳು ವಿಂಬಲ್ಡನ್ ಫೈನಲ್ ಆಡ್ತಾಳೆ, ನಾನಿಲ್ಲಿ ಬಸ್ ಪಾಸ್‌ಗೆ ಕ್ಯೂ ನಿಂತಿದ್ದೀನಿ, ಎಂಥಾ ಅದೃಷ್ಟವಂತೆ ಅಂತ. ಹೀಗೆ ಅವಳು ನನಗೆ ಓರಗೆಯವಳು. ಹಾಗಾಗಿ ಈ ಪತ್ರದಲ್ಲಿ 'ಅವರು' ಅನ್ನದೆ 'ಅವಳು' ಅಂತಲೇ ಬರೆಯುತ್ತೇನೆ.

ಅವಳು ಹುಟ್ಟಿದ್ದು 1982ರ ಮಾರ್ಚ್ 9ರಂದು, ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ. ಬೆಳೆದದ್ದು ಕ್ರೊವೇಷಿಯಾದವಳಾಗಿ. 1996ರಲ್ಲಿ ಅಮೆರಿಕ ಓಪನ್ ಜೂನಿಯರ್ ಪ್ರಶಸ್ತಿ ಗೆದ್ದಳು. 1997ರಲ್ಲಿ ಆಸ್ಟ್ರೇಲಿಯಾ ಓಪನ್ ಜೂನಿಯರ್. ಆ ವರ್ಷ ಹದಿನೈದು ತುಂಬಿತ್ತಷ್ಟೇ, ಆಡ್ರಿಯಾಟಿಕ್ ಸಮುದ್ರದ ಬ್ರಾಚ್ ದ್ವೀಪದ ಬೋಲ್ ಅನ್ನುವ ಊರಲ್ಲಿ ದೊಡ್ಡವರ ಟೂರ್ನಿಗೆ ಇಳಿದಳು. ಅದು ಅವಳ ಮೊದಲ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಟೂರ್ನಿ. ಅದನ್ನೇ ಗೆದ್ದಳು. ಎರಡನೆಯ ಟೂರ್ನಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಅಲ್ಲೂ ಫೈನಲ್ ತನಕ ಹೋದಳು. ಸೋತದ್ದು ಆ ಕಾಲದ ದಿಗ್ಗಜೆ ಸ್ಟೆಫಿ ಗ್ರಾಫ್‌ಗೆ. 1998ರ ಜನವರಿಯಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದಾಗ ಅವಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಕೆಲವೇ ತಿಂಗಳಲ್ಲಿ ಬೋಲ್‌ನಲ್ಲಿ ಮತ್ತೊಮ್ಮೆ ಗೆದ್ದಳು. ಸಿಂಗಲ್ಸ್ ರ‍್ಯಾಂಕಿಂಗ್ 32ಕ್ಕೆ ಏರಿತು.

ಇಷ್ಟನ್ನು ಕೇಳಿದ ಯಾವ ಅಪ್ಪ-ಅಮ್ಮ ತಾನೇ "ನಮ್ಮ ಮಗುವೂ ಹೀಗಾಗಲಿ" ಅನ್ನಲಿಕ್ಕಿಲ್ಲ? ಆ ಹುಡುಗಿಯ ಮನೆಯಲ್ಲಿ ಎಲ್ಲ ಸರಿಯಿಲ್ಲ ಅಂತ ಯಾರಿಗೆ ತಾನೇ ಅನಿಸೀತು? ನಾನು ಈ ಪತ್ರ ಬರೆಯುತ್ತಿರುವುದು ಇದೇ ಜಾಗಕ್ಕೆ ಬೆರಳಿಡೋಕೆ. ಸೋತು ಅಳುವ ಮಗು ನಮ್ಮ ಕಣ್ಣಿಗೆ ಬೀಳುತ್ತದೆ. ಯಾರಾದರೂ ಹೋಗಿ ಬೆನ್ನು ತಟ್ಟುತ್ತಾರೆ. ಗೆದ್ದ ಮಗುವಿನ ಕೈಯಲ್ಲಿ ಕಪ್ ಇರುತ್ತದೆ. ನಾವು ಕಪ್ ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ಮನೆಗೆ ಹೋಗುತ್ತೇವೆ.

1998ರ ಆ ಬೇಸಿಗೆ ಕ್ರೊವೇಷಿಯಾದ ಪಾಲಿಗೆ ಹಬ್ಬದಂತಿತ್ತು. ಯುಗೊಸ್ಲಾವಿಯಾದಿಂದ ಬೇರೆಯಾಗಿ, ಯುದ್ಧ ಮುಗಿಸಿಕೊಂಡು ಮೂರು ವರ್ಷವೂ ಆಗಿರದ ಪುಟ್ಟ ದೇಶ. ಹಿಂದಿನ ವರ್ಷ ಇವಾ ಮಯೋಲಿ ಪ್ಯಾರಿಸ್‌ನಲ್ಲಿ ಹಿಂಗಿಸ್‌ಳನ್ನೇ ಸೋಲಿಸಿ ಫ್ರೆಂಚ್ ಓಪನ್ ಗೆದ್ದಿದ್ದಳು. ಈ ವರ್ಷ ಗೊರಾನ್ ಇವಾನಿಸೆವಿಚ್ ವಿಂಬಲ್ಡನ್ ಫೈನಲ್‌ನಲ್ಲಿ ಸಾಂಪ್ರಾಸ್ ಎದುರು ಐದು ಸೆಟ್ ಆಡಿದ. ಫುಟ್‌ಬಾಲ್ ತಂಡ ಮೊದಲ ಸಲ ಆಡಿದ ವಿಶ್ವಕಪ್‌ನಲ್ಲೇ ಮೂರನೆಯ ಸ್ಥಾನ ತಂದಿತು. ಇಡೀ ದೇಶ ತನ್ನ ಆಟಗಾರರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿತ್ತು. ಮಿರ್ಯಾನಾ ಕೂಡ ಆ ಸಾಲಿನಲ್ಲಿ ಮುಂದಿನವಳು ಅಂತ ಎಲ್ಲರೂ ಎಣಿಸಿದ್ದರು.

ಆ ಬೇಸಿಗೆ ಮುಗಿಯುವುದರೊಳಗೆ ಅವಳು ಅಮ್ಮ, ಒಡಹುಟ್ಟಿದವರ ಜೊತೆ ದೇಶ ಬಿಟ್ಟು ಅಮೆರಿಕಕ್ಕೆ ಓಡಿಹೋದಳು. ಅಪ್ಪನಿಂದ ತಪ್ಪಿಸಿಕೊಳ್ಳೋಕೆ. ನೆರವಾದವನು ಅದೇ ಇವಾನಿಸೆವಿಚ್.

ಆಮೇಲೆ ಅವಳು ಪತ್ರಿಕೆಯವರಿಗೆ ಬಾಯಿಬಿಟ್ಟು ಹೇಳಿದಳು. ಯಾರೂ ಊಹಿಸಲಾರದಷ್ಟು ಏಟು ತಿಂದಿದ್ದೇನೆ ಅಂತ. ಕೆಲವು ಸಲ ಒಂದು ಗೇಮ್ ಸೋತದ್ದಕ್ಕೆ, ಕೆಲವು ಸಲ ಒಂದು ಸೆಟ್ ಸೋತದ್ದಕ್ಕೆ. ಪಂದ್ಯವನ್ನೇ ಸೋತಾಗ ಏನಾಗುತ್ತಿತ್ತು ಅನ್ನುವುದನ್ನು ಹೇಳೋಕೂ ಇಷ್ಟವಿಲ್ಲ ಅಂದಳು. ಅಪ್ಪ ಈ ಆರೋಪವನ್ನು ಒಪ್ಪಲಿಲ್ಲ. ಅದನ್ನೂ ಹೇಳಬೇಕು, ಹೇಳುತ್ತಿದ್ದೇನೆ. ಆದರೆ ಹದಿನಾರರ ಹುಡುಗಿಯೊಬ್ಬಳು ತನ್ನ ಊರು, ಭಾಷೆ, ಮನೆ ಎಲ್ಲ ಬಿಟ್ಟು ಸುಮ್ನೆ ಓಡಿಹೋಗುವುದಿಲ್ಲ.

'ಒಂದು ಗೇಮ್ ಸೋತದ್ದಕ್ಕೆ.' ಈ ಮಾತು ಓದಿದಾಗ ನನಗೆ ಆ ನೋಟ್‌ಬುಕ್ ನೆನಪಾಯಿತು. ಆ ಮುಚ್ಚಳ. ಕೆನ್ನೆಯ ಹತ್ತಿರ ಹೋದ ಆ ಕೈ.

ಈಗ ಲೆಕ್ಕ ಹಾಕಿ. ಬೋಲ್‌ನಲ್ಲಿ ಕಪ್ ಎತ್ತಿದಾಗ, ಮೆಲ್ಬರ್ನ್‌ನಲ್ಲಿ ಹಿಂಗಿಸ್ ಜೊತೆ ನಕ್ಕಾಗ, ವಿಂಬಲ್ಡನ್ನಿನ ಹುಲ್ಲಿನ ಮೇಲೆ ನಮ್ಮ ಭೂಪತಿ ಪಕ್ಕದಲ್ಲಿ ನಿಂತು ಸರ್ವ್ ಮಾಡುವಾಗ ಅವಳು ಅಂಥ ಮನೆಯಿಂದ ಬಂದ ಮಗು. ನಾನು ಹೊಟ್ಟೆಕಿಚ್ಚು ಪಟ್ಟ ಹುಡುಗಿ. ಅವಳ ಸುತ್ತ ಎಷ್ಟು ಜನ ಇದ್ದರು! ಅಂಪೈರ್‌ಗಳು, ಟೂರ್ನಿ ಡೈರೆಕ್ಟರ್‌ಗಳು, ಪತ್ರಕರ್ತರು, ಫಿಸಿಯೊಗಳು, ಏಜೆಂಟರು. ಟೆನಿಸ್‌ನವರಿಗೆ ಇಂಥದ್ದು ಹೊಸದೂ ಆಗಿರಲಿಲ್ಲ. 1993ರಲ್ಲಿ ಫ್ರಾನ್ಸಿನ ಆಟಗಾರ್ತಿ ಮೇರಿ ಪಿಯರ್ಸ್‌ಳ ತಂದೆಯನ್ನು ಅವನ ನಡವಳಿಕೆಯ ಕಾರಣಕ್ಕೇ ಟೂರ್ನಿಗಳಿಂದ ಹೊರಗಿಟ್ಟಿದ್ದರು. ಹದಿಮೂರಕ್ಕೇ ವೃತ್ತಿಪರ ಆಟಕ್ಕಿಳಿದ ಜೆನಿಫರ್ ಕಾಪ್ರಿಯಾಟಿ ಕುಗ್ಗಿಹೋದದ್ದನ್ನು ನೋಡಿ, 1995ರಲ್ಲಿ ಡಬ್ಲ್ಯುಟಿಎ ವಯಸ್ಸಿನ ನಿಯಮ ಬಿಗಿ ಮಾಡಿತ್ತು. ಹದಿನೆಂಟು ತುಂಬುವವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಅಂತ. ಒಳ್ಳೆಯ ನಿಯಮವೇ. ಎಷ್ಟೋ ಮಕ್ಕಳ ಮೊಣಕೈ, ಮೊಣಕಾಲು, ಮನಸ್ಸು ಅದರಿಂದ ಉಳಿದಿವೆ. ಆದರೆ ಆ ನಿಯಮ ಎಣಿಸುವುದು ಟೂರ್ನಿಗಳನ್ನು. ಪಂದ್ಯ ಮುಗಿದ ಮೇಲೆ ಹೋಟೆಲ್ ರೂಮಿನ ಬಾಗಿಲು ಹಾಕಿಕೊಂಡರೆ ಒಳಗೆ ಏನಾಗುತ್ತದೆ ಅಂತ ಯಾರು ಎಣಿಸಬೇಕು?

ಇನ್ನು 'ಏಟು ತಿಂದೇ ಚಾಂಪಿಯನ್' ಅನ್ನುವ ಮಾತಿಗೆ ಬರುತ್ತೇನೆ. ಟೀ ಕುಡಿಯುತ್ತಾ ನನಗೆ ಹೊಳೆಯದ ಉತ್ತರ ಇಲ್ಲಿದೆ.

ಮಿರ್ಯಾನಾ ತನ್ನ ಅತಿ ದೊಡ್ಡ ಪಂದ್ಯಗಳನ್ನು ಗೆದ್ದದ್ದು ಆ ಅಪ್ಪನ ಕೈಯಿಂದ ತಪ್ಪಿಸಿಕೊಂಡ ಮೇಲೆ. ಓಡಿಹೋಗಿ ಒಂದು ವರ್ಷವಾಗುವ ಹೊತ್ತಿಗೆ, 1999ರ ವಿಂಬಲ್ಡನ್‌ನಲ್ಲಿ, ಮೂರನೆಯ ಸುತ್ತಿನಲ್ಲಿ ಒಂದು ಕಾಲದ ನಂಬರ್ ಒನ್ ಮೋನಿಕಾ ಸೆಲೆಸ್‌ಳನ್ನು ಸೋಲಿಸಿದಳು. ಕ್ವಾರ್ಟರ್‌ಫೈನಲ್‌ನಲ್ಲಿ ಹಿಂದಿನ ವರ್ಷದ ರನ್ನರ್ ಅಪ್ ನತಾಲಿ ತೋಜಿಯಾಳನ್ನು ಸೋಲಿಸಿದಳು. ಸೆಮಿಫೈನಲ್‌ನಲ್ಲಿ ಸ್ಟೆಫಿ ಗ್ರಾಫ್‌ಳಿಂದ ಮೊದಲ ಸೆಟ್ ಕಿತ್ತುಕೊಂಡು, ಮುಂದಿನ ಎರಡು ಸೆಟ್ ಸೋತಳು. ಅದು ಗ್ರಾಫ್ ಆಡಿದ ಕೊನೆಯ ವಿಂಬಲ್ಡನ್. ಮಿರ್ಯಾನಾಗೆ ಹದಿನೇಳು. ಬೇಲಿ ಪಕ್ಕ ಯಾರೂ ನೋಟ್‌ಬುಕ್ ಹಿಡಿದು ನಿಂತಿರಲಿಲ್ಲ.

"ಆಮೇಲೆ ಬಿದ್ದುಹೋದಳಲ್ಲ?" ಅಂತ ನೀವು ಕೇಳಬಹುದು. ಹೌದು, ಬಿದ್ದಳು. ಅದನ್ನು ಮುಚ್ಚಿಡೋಕೆ ನನಗೆ ಇಷ್ಟವಿಲ್ಲ. ಓಡಿಬಂದ ತಕ್ಷಣ ಎಲ್ಲ ಸರಿಹೋಗುವುದಿಲ್ಲ. ಪರದೇಶದಲ್ಲಿ ಒಂದು ಕುಟುಂಬದ ಸಂಸಾರ ಒಬ್ಬ ಹುಡುಗಿಯ ರ‍್ಯಾಕೆಟ್ಟಿನ ಮೇಲೆ ನಿಂತಿತ್ತು. ದುಡ್ಡಿನ ತೊಂದರೆ ಬಂತು. ಗೆಲುವು ಕಮ್ಮಿಯಾಯಿತು, ರ‍್ಯಾಂಕಿಂಗ್ ಜಾರಿತು. 2003ರ ನಂತರ ಹೆಚ್ಚು ಕಡಿಮೆ ನಾಲ್ಕು ವರ್ಷ ದೊಡ್ಡ ಟೂರ್ನಿಗಳಲ್ಲಿ ಅವಳ ಹೆಸರೇ ಇರಲಿಲ್ಲ. ನಾನು ಅಷ್ಟರಲ್ಲಿ ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಅವಳನ್ನು ಪೂರ್ತಿ ಮರೆತಿದ್ದೆ.

ಅವಳು ಬಿದ್ದದ್ದನ್ನು ಅಪ್ಪ ಇಲ್ಲದ ಕಾರಣಕ್ಕೆ ಅಂತ ಯಾರಾದರೂ ಬರೆದರೆ ನಾನು ಒಪ್ಪಲಾರೆ. ಒಂದು ಮಗುವಿನ ಮೈಯಲ್ಲಿ ಹತ್ತು ವರ್ಷ ಭಯ ತುಂಬಿದರೆ ಅದು ಒಂದೇ ದಿನದಲ್ಲಿ ಇಳಿಯುವುದಿಲ್ಲ. ಇಳಿಯೋಕೆ ಎಷ್ಟು ವರ್ಷ ಬೇಕು ಅನ್ನುವುದನ್ನು ಅವಳ ಆಟದ ದಾಖಲೆಯೇ ಹೇಳುತ್ತದೆ.

2007ರಿಂದ ಮತ್ತೆ ಆಡತೊಡಗಿದಳು. ಸೆಂಟರ್ ಕೋರ್ಟ್ ಇಲ್ಲ, ಟಿವಿ ಇಲ್ಲ. ಸಣ್ಣ ಊರುಗಳ ಸಣ್ಣ ಟೂರ್ನಿಗಳು. ಒಮ್ಮೆ ವಿಂಬಲ್ಡನ್ ಸೆಮಿಫೈನಲ್ ಆಡಿದವಳು, ಹತ್ತಿಪ್ಪತ್ತು ಜನ ನೋಡುವ ಕೋರ್ಟಿನಲ್ಲಿ ಹದಿನೇಳರ ಹುಡುಗಿಯರ ಜೊತೆ ಆಡುವುದು ಹೇಗಿರಬಹುದು ಯೋಚಿಸಿ. 2010ರಲ್ಲಿ ಅರ್ಹತಾ ಸುತ್ತಿನ ಪಂದ್ಯಗಳನ್ನು ಗೆದ್ದು ವಿಂಬಲ್ಡನ್ ಮುಖ್ಯ ಡ್ರಾಕ್ಕೆ ವಾಪಸ್ ಬಂದಳು. ಯಾರೂ ಕರೆದು ಕೂರಿಸಲಿಲ್ಲ, ಕ್ಯೂನಲ್ಲಿ ನಿಂತೇ ಒಳಗೆ ಬಂದಳು.

2014ರ ಅಮೆರಿಕ ಓಪನ್‌ಗೂ ಹಾಗೇ ಅರ್ಹತಾ ಸುತ್ತಿನಿಂದ ಬಂದಳು. ರ‍್ಯಾಂಕಿಂಗ್ ನೂರರ ಆಚೆ, ವಯಸ್ಸು 32. ಮೂರನೆಯ ಸುತ್ತಿನಲ್ಲಿ ಎರಡನೆಯ ಶ್ರೇಯಾಂಕದ ಸಿಮೋನಾ ಹಲೆಪ್‌ಳನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದಳು. ಮುಂದಿನ ತಿಂಗಳು ಕೆನಡಾದ ಕ್ವಿಬೆಕ್ ಸಿಟಿಯಲ್ಲಿ ವೀನಸ್ ವಿಲಿಯಮ್ಸ್‌ಳನ್ನು ಫೈನಲ್‌ನಲ್ಲಿ ಸೋಲಿಸಿ ಪ್ರಶಸ್ತಿ ಎತ್ತಿದಳು. ಅದರ ಹಿಂದಿನ ಸಿಂಗಲ್ಸ್ ಪ್ರಶಸ್ತಿ ಯಾವುದು ಗೊತ್ತಾ? 1998ರ ಬೋಲ್. ಎರಡು ಕಪ್‌ಗಳ ನಡುವೆ ಹದಿನಾರು ವರ್ಷಕ್ಕೂ ಜಾಸ್ತಿ. ಮಹಿಳೆಯರ ಟೂರ್‌ನಲ್ಲಿ ಅಷ್ಟು ದೊಡ್ಡ ಅಂತರ ಅದಕ್ಕೂ ಮೊದಲು ಯಾರದ್ದೂ ಇರಲಿಲ್ಲ. ಮುಂದಿನ ವರ್ಷ ಪ್ಯಾರಿಸ್‌ನಲ್ಲಿ ಹಲೆಪ್‌ಳನ್ನು ಮತ್ತೆ ಸೋಲಿಸಿದಳು.

ನಾನು ಅವಳನ್ನು ಮತ್ತೆ ಕಂಡದ್ದು 2017ರ ಜನವರಿಯಲ್ಲಿ. ಆಸ್ಟ್ರೇಲಿಯಾ ಓಪನ್. ನಮ್ಮಲ್ಲಿ ಬೆಳಗ್ಗೆ ಹೊತ್ತು. ಮಗಳಿಗೆ ಜ್ವರ ಅಂತ ಮನೆಯಲ್ಲೇ ಇದ್ದೆ, ಟಿವಿ ಹಾಕಿದ್ದೆ. ಪರದೆಯ ಮೇಲೆ 'ಲೂಚಿಚ್-ಬರೋನಿ' ಅಂತ ಬಂತು. ಎಲ್ಲೋ ಕೇಳಿದ ಹೆಸರಲ್ವಾ ಅಂದುಕೊಂಡೆ. ಎರಡು ನಿಮಿಷದ ಮೇಲೆ ಹೊಳೆಯಿತು: ಭೂಪತಿ ಜೊತೆ ಆಡಿದ ಹುಡುಗಿ! ನನ್ನ ಓರಗೆಯವಳು! ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅವಳು ಅಲ್ಲಿ ಆಡುತ್ತಿದ್ದಳು.

ಆ ಟೂರ್ನಿಗೆ ಬರುವಾಗ ಅವಳ ರ‍್ಯಾಂಕಿಂಗ್ 79. ಆಸ್ಟ್ರೇಲಿಯಾ ಓಪನ್ ಮುಖ್ಯ ಡ್ರಾದಲ್ಲಿ 1998ರ ನಂತರ ಒಂದೇ ಒಂದು ಸಿಂಗಲ್ಸ್ ಪಂದ್ಯ ಗೆದ್ದಿರಲಿಲ್ಲ. ಮೊದಲ ಸುತ್ತಿನಲ್ಲಿ ಒಂದು ಸೆಟ್ ಹಿಂದೆ ಬಿದ್ದು ಗೆದ್ದಳು. ಎರಡನೆಯದರಲ್ಲಿ ಮೂರನೆಯ ಶ್ರೇಯಾಂಕದ ಅಗ್ನಿಯೆಸ್ಕಾ ರದ್ವಾನ್ಸ್ಕಾಳನ್ನು 6-3, 6-2ರಿಂದ ಕೆಡವಿದಳು. ಹಾಗೇ ಕ್ವಾರ್ಟರ್‌ಫೈನಲ್. ಎದುರಿಗೆ ಐದನೆಯ ಶ್ರೇಯಾಂಕದ ಕರೋಲಿನಾ ಪ್ಲಿಸ್ಕೋವಾ. ಒಂದೊಂದು ಸೆಟ್ ಇಬ್ಬರಿಗೂ ಹಂಚಿಹೋಯಿತು. ಮೂರನೆಯ ಸೆಟ್‌ನಲ್ಲಿ ಮಿರ್ಯಾನಾ 3-4ರಲ್ಲಿ ಹಿಂದಿದ್ದಳು. ಕಾಲಿಗೆ ದಪ್ಪಗೆ ಪಟ್ಟಿ ಸುತ್ತಿತ್ತು. ಚಿಕಿತ್ಸೆಗೆ ಅಂತ ಕೋರ್ಟ್ ಬಿಟ್ಟು ಹೋದಳು. ಮುಗಿಯಿತು ಅಂದುಕೊಂಡೆ. ಮಗಳು ರಗ್ಗಿನೊಳಗಿಂದ "ಅಮ್ಮಾ, ಆ ಆಂಟಿ ವಾಪಸ್ ಬರ್ತಾರಾ?" ಅಂತ ಕೇಳಿದಳು.

ಬಂದಳು. ಮುಂದಿನ ಮೂರೂ ಗೇಮ್ ಗೆದ್ದಳು. 6-4, 3-6, 6-4.

ಕೋರ್ಟ್ ಮೇಲೆಯೇ ಮೈಕ್ ಹಿಡಿದಾಗ ಅವಳಿಗೆ ಮಾತು ಬರುತ್ತಿರಲಿಲ್ಲ. ಅಳು ಬರುತ್ತಿತ್ತು. ಇವತ್ತಿನ ದಿನ ನನ್ನ ಬದುಕನ್ನೇ ಸಾರ್ಥಕ ಮಾಡಿತು, ನಡೆದ ಕೆಟ್ಟದ್ದೆಲ್ಲವೂ ಪರವಾಗಿಲ್ಲ ಅನ್ನಿಸುವಂತೆ ಮಾಡಿತು ಅನ್ನುವ ಅರ್ಥದ ಮಾತು ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಮಗಳಿಗೆ ಗಂಜಿ ಬಿಸಿ ಮಾಡುತ್ತಾ ಅತ್ತೆ. ಯಾಕೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವಳ ಹಿಂದಿನ ಕಥೆ ಹುಡುಕಿ ಓದಿದ್ದು ಅವತ್ತು ರಾತ್ರಿ.

ಸೆಮಿಫೈನಲ್‌ನಲ್ಲಿ ಎದುರಿಗಿದ್ದವಳು ಸೆರೆನಾ ವಿಲಿಯಮ್ಸ್. 1998ರ ಆ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಬಲೆಯ ಆಚೆ ನಿಂತಿದ್ದ ಅದೇ ಸೆರೆನಾ. 6-2, 6-1ರಿಂದ ಗೆದ್ದು, ಮಿರ್ಯಾನಾಳನ್ನು ಅಪ್ಪಿಕೊಂಡು, ಈ ದಿನದ ಹೊಗಳಿಕೆ ಅವಳಿಗೇ ಸಲ್ಲಬೇಕು ಅಂದಳು. ಅದೇ ವರ್ಷ ಮೇನಲ್ಲಿ ಮಿರ್ಯಾನಾಳ ರ‍್ಯಾಂಕಿಂಗ್ 20ಕ್ಕೆ ಬಂತು. ಅವಳ ಬದುಕಿನಲ್ಲೇ ಅತ್ಯುತ್ತಮ. ಭುಜದ ನೋವು, ಗಾಯಗಳು ಕಾಡಿ, 2018ರ ಆರಂಭದ ನಂತರ ಅವಳು ಮತ್ತೆ ಕಣಕ್ಕಿಳಿಯಲಿಲ್ಲ.

ಈಗ ಆ ಟೀ ಅಂಗಡಿಯ ಸ್ನೇಹಿತರಿಗೆ ಹೇಳುತ್ತೇನೆ. ಸರ್, ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಏಟು ತಿನ್ನುವ ಕಾಲದಲ್ಲಿ, ಹದಿನಾರರ ಕಾಲಿನಲ್ಲಿ, ಅವಳ ಅತ್ಯುತ್ತಮ ರ‍್ಯಾಂಕಿಂಗ್ 32. ತನ್ನಿಷ್ಟಕ್ಕೆ ಆಡುವ ಕಾಲದಲ್ಲಿ, 35ರ ಕಾಲಿನಲ್ಲಿ, 20. ನಡುವೆ ಹತ್ತೊಂಬತ್ತು ವರ್ಷ, ಗಾಯ, ಬಡತನ, ಮರೆವು ಎಲ್ಲ ಬಂದುಹೋಗಿದೆ. ಆಟ ಆ ಹುಡುಗಿಯ ಮೈಯಲ್ಲೇ ಇತ್ತು. ಏಟು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಇಪ್ಪತ್ತರಿಂದ ಮೂವತ್ತರವರೆಗಿನ, ಬೇರೆ ಆಟಗಾರ್ತಿಯರು ಗ್ರ್ಯಾಂಡ್‌ಸ್ಲಾಮ್ ಗೆಲ್ಲುವ ವರ್ಷಗಳನ್ನು ಅವಳಿಂದ ಕಿತ್ತುಕೊಂಡಿತು. ಅವಳ ಬಳಿ ಇನ್ನೂ ಎಷ್ಟು ಕಪ್ ಇರಬೇಕಿತ್ತು ಅನ್ನುವುದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಬರೆದವಳು ತಾನೇನೂ ಮಾಡಿಲ್ಲ ಅಂತ ನೀವು ಅಂದುಕೊಳ್ಳುವುದು ಬೇಡ. ನಾನು ಮಗಳಿಗೆ ಹೊಡೆದಿಲ್ಲ. ಆದರೆ ಎರಡು ವರ್ಷದ ಹಿಂದೆ ಅವಳು ತುಮಕೂರಿನಲ್ಲಿ ಒಂದು ಪಂದ್ಯ ಸೋತಾಗ ಬೆಂಗಳೂರು ತಲುಪುವವರೆಗೆ ಕಾರಿನಲ್ಲಿ ಬೈದಿದ್ದೇನೆ. ಡೀಸೆಲ್ ಎಷ್ಟು, ಕೋಚಿಂಗ್ ಫೀಸ್ ಎಷ್ಟು, ನಿನ್ನ ಕಾಲೇ ಓಡುತ್ತಿಲ್ಲ ಅಂತ. ಅವಳು ಕಿಟ್ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಆಚೆ ನೋಡುತ್ತಿದ್ದಳು. ಒಂದು ತಿಂಗಳ ಮೇಲೆ ಅವಳ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು: "ನಿಮ್ಮ ಮಗಳು ಪ್ರತಿ ಪಾಯಿಂಟ್ ಆದ ಮೇಲೆ ಬೇಲಿ ಕಡೆ ನೋಡ್ತಾಳೆ. ಚೆಂಡು ಎಲ್ಲಿ ಬಿತ್ತು ಅಂತ ನೋಡಲ್ಲ, ನಿಮ್ಮ ಮುಖ ನೋಡ್ತಾಳೆ." ಅವತ್ತಿನಿಂದ ನಾನು ಅವಳ ಪಂದ್ಯಗಳಲ್ಲಿ ಮರದ ಹಿಂದೆ ಕೂರುತ್ತೇನೆ. ಮೂರು ಟೂರ್ನಿ ಕಳೆದ ಮೇಲೆ ಅವಳು ನೋಡುವುದನ್ನು ಬಿಟ್ಟಳು. ಈಗ ಸೋತರೂ ಕಾರಿನಲ್ಲಿ ಹಾಡು ಹಾಕು ಅಂತ ಕೇಳುತ್ತಾಳೆ. ಆ ಕೋಚ್ ಬಾಯಿ ಬಿಡದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಟೂರ್ನಿ ನಡೆಸುವವರೇ, ನಿಮಗೆ ಎಷ್ಟು ಕಷ್ಟ ಇದೆ ಅಂತ ಗೊತ್ತು. ಕೋರ್ಟ್ ಸಿಗಲ್ಲ, ಬಾಲ್‌ಗೆ ದುಡ್ಡು ಸಾಲದು, ಮಳೆ ಬಂದರೆ ಎರಡು ದಿನ ಹೋಗುತ್ತದೆ. ಹಾಗಾಗಿ ದುಡ್ಡು ಖರ್ಚಾಗುವ ಏನನ್ನೂ ನಾನು ಕೇಳುತ್ತಿಲ್ಲ. ಮಗು ಸಿಟ್ಟಲ್ಲಿ ರ‍್ಯಾಕೆಟ್ ಎಸೆದರೆ ನೀವು ಅದಕ್ಕೆ ಎಚ್ಚರಿಕೆ ಕೊಡುತ್ತೀರಿ, ಮತ್ತೆ ಮಾಡಿದರೆ ಪಾಯಿಂಟ್ ಕಿತ್ತುಕೊಳ್ಳುತ್ತೀರಿ. ಸರಿಯೇ. ಅದೇ ಮಗುವಿನ ಮೇಲೆ ಬೇಲಿ ಆಚೆಯಿಂದ ಅಪ್ಪ ಕೂಗಾಡಿದರೆ, ಅಮ್ಮ ಪಾರ್ಕಿಂಗ್‌ನಲ್ಲಿ ಕೆನ್ನೆಗೆ ಬಾರಿಸಿದರೆ, 'ಅದು ಅವರ ಮನೆ ವಿಷಯ' ಅಂತ ಸುಮ್ಮನಾಗುತ್ತೀರಿ. ದಯವಿಟ್ಟು ಸುಮ್ಮನಿರಬೇಡಿ. ಮೊದಲ ಸಲ ಕರೆದು ಹೇಳಿ. ಎರಡನೆಯ ಸಲ ಆ ದಿನದ ಮಟ್ಟಿಗೆ ಅವರನ್ನು ಗೇಟಿನ ಹೊರಗೆ ಕಳಿಸಿ. ನೀವು ಹೇಳಿದರೆ ಕೇಳುತ್ತಾರೆ. ನಮ್ಮಂಥ ಬೇರೆ ಅಪ್ಪ-ಅಮ್ಮಂದಿರು ಹೇಳಿದರೆ ಜಗಳವಾಗುತ್ತದೆ. ನಮ್ಮ ದೇಶದ ಕಾನೂನು ಕೂಡ ಇದನ್ನು ಮನೆ ವಿಷಯ ಅಂತ ಬಿಟ್ಟಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಕೊಟ್ಟರೆ ಅದು ಜೈಲು ಶಿಕ್ಷೆಯ ಅಪರಾಧ.

ಇನ್ನೊಂದು ಕೋರಿಕೆ. ಪಂದ್ಯ ಮುಗಿದ ಮೇಲೆ ಮಗುವಿಗೆ ಹತ್ತು ನಿಮಿಷ ಕೊಡಿ. ಸ್ಕೋರ್ ಶೀಟ್‌ಗೆ ಸಹಿ ಹಾಕಿ, ನೀರು ಕುಡಿದು, ಅಫಿಶಿಯಲ್‌ಗಳ ಟೆಂಟಿನಲ್ಲಿ ಕೂತಿರಲಿ. ಹುಡುಗಿಯರ ಟೂರ್ನಿಯಾದರೆ ಒಬ್ಬ ಹೆಂಗಸು ಅಲ್ಲಿರಲಿ. ಏನೂ ಕೇಳಬೇಕಾಗಿಲ್ಲ. ಬಾಳೆಹಣ್ಣು ಕೊಟ್ಟು "ಎಲ್ಲಿಂದ ಬಂದೆ, ಯಾವ ಸ್ಕೂಲು" ಅಂತ ಮಾತಾಡಿಸಿದರೆ ಸಾಕು. ಗೆದ್ದವಳಿಗೂ ಸೋತವಳಿಗೂ ಒಂದೇ ಹತ್ತು ನಿಮಿಷ. ಅಪ್ಪ-ಅಮ್ಮಂದಿರ ಸಿಟ್ಟು ಆರೋಕೂ ಅಷ್ಟು ಹೊತ್ತು ಬೇಕು. ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಕೋಚ್‌ಗಳೇ, ಮಕ್ಕಳ ಮೈಮೇಲಿನ ಗುರುತು ಎಲ್ಲರಿಗಿಂತ ಮೊದಲು ಕಾಣುವುದು ನಿಮಗೆ. ಬೇಸಿಗೆಯಲ್ಲೂ ಉದ್ದ ತೋಳಿನ ಟೀ ಶರ್ಟ್ ಹಾಕಿಕೊಂಡು ಬರುವ ಮಗು, ಗೆದ್ದ ದಿನವೂ ಮನೆಗೆ ಹೋಗೋಕೆ ತಡ ಮಾಡುವ ಮಗು, ಒಂದು ಡಬಲ್ ಫಾಲ್ಟ್ ಆದರೆ ಬಿಳಿಚಿಕೊಳ್ಳುವ ಮಗು. ಫೀಸ್ ಹೋಗುತ್ತದೆ, ಒಳ್ಳೆಯ ಆಟಗಾರ್ತಿ ಬೇರೆ ಅಕಾಡೆಮಿಗೆ ಹೋಗುತ್ತಾಳೆ ಅನ್ನುವ ಭಯ ನಿಮಗಿರಬಹುದು. ನನ್ನ ಮಗಳ ಕೋಚ್‌ಗೂ ಆ ಭಯ ಇದ್ದಿರಬೇಕು. ಆದರೂ ಹೇಳಿದರು. ಮಿರ್ಯಾನಾಗೆ ಒಬ್ಬ ಇವಾನಿಸೆವಿಚ್ ಸಿಕ್ಕಿದ. ಹೆಸರು, ದುಡ್ಡು, ಧೈರ್ಯ ಮೂರೂ ಇದ್ದವನು. ನಮ್ಮ ಮಕ್ಕಳಿಗೆ ಸಿಗುವುದು ನೀವೇ.

ಕೊನೆಯದು ತೀರಾ ಸಣ್ಣ ವಿಷಯ. ಮಕ್ಕಳ ಸಹಾಯವಾಣಿಯ ನಂಬರ್ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಪ್ರತಿ ಟೂರ್ನಿಯಲ್ಲೂ ಡ್ರಾ ಶೀಟ್ ಅಂಟಿಸುತ್ತೀರಲ್ಲ, ಅದರ ಮುಂದೆ ಎಲ್ಲ ಮಕ್ಕಳೂ ದಿನಕ್ಕೆ ಹತ್ತು ಸಲ ಬಂದು ನಿಲ್ಲುತ್ತಾರೆ. ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಮುಂದಿನ ಪಂದ್ಯ ಯಾರ ಜೊತೆ ಅಂತ ಹುಡುಕುತ್ತಾರೆ. ಆ ಶೀಟಿನ ಪಕ್ಕ, ಮಕ್ಕಳ ಕಣ್ಣಿನ ಎತ್ತರಕ್ಕೆ, ಈ ನಂಬರ್ ದೊಡ್ಡದಾಗಿ ಬರೆದು ಅಂಟಿಸಿ. ಕನ್ನಡದಲ್ಲೂ ಇರಲಿ, ಇಂಗ್ಲಿಷ್‌ನಲ್ಲೂ ಇರಲಿ. "ಪಂದ್ಯ ಗೆದ್ದಿರಲಿ, ಸೋತಿರಲಿ, ಭಯ ಆದರೆ ಈ ನಂಬರಿಗೆ ಫೋನ್ ಮಾಡು" ಅಂತ.

ಮುಂದಿನ ತಿಂಗಳ ಟೂರ್ನಿಗೆ ನಾನೇ ಇಪ್ಪತ್ತು ಚೀಟಿ ಪ್ರಿಂಟ್ ಮಾಡಿಸಿಕೊಂಡು ಬರುತ್ತೇನೆ. ಅಂಟು, ಕತ್ತರಿ ಎಲ್ಲ ನನ್ನದೇ. ಬೆಳಗ್ಗೆ ಸೈನ್ ಇನ್ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ಗೇಟ್ ಹತ್ತಿರ ಇರುತ್ತೇನೆ. ಬೋರ್ಡಿನಲ್ಲಿ ಒಂದು ಅಂಗೈ ಅಗಲ ಜಾಗ ಬಿಟ್ಟುಕೊಡಿ. ಆ ನೋಟ್‌ಬುಕ್ಕಿನ ಅಪ್ಪ ಬಂದರೆ ಅವರ ಜೊತೆಯೂ ಟೀ ಕುಡಿಯುತ್ತೇನೆ, ಈ ಕಥೆ ಹೇಳುತ್ತೇನೆ. ಅದಕ್ಕೂ ಮೊದಲು ಆ ಹುಡುಗಿಯನ್ನು ಹುಡುಕಿ, ಅವತ್ತು ಹೇಳದೆ ಉಳಿದ ಮಾತು ಹೇಳಬೇಕು.

ಇತಿ,
ಹನ್ನೆರಡರ ಹುಡುಗಿಯೊಬ್ಬಳ ಅಮ್ಮ, ಬೆಂಗಳೂರು